ಪುಸ್ತಕ ಒಂದಿರಲಿ, ಪೆನ್ಸಿಲ್ ಸವೆಯಲಿ

(ಕೂಟದ ಉಪನ್ಯಾಸ ಮಾಲಿಕೆಯಲ್ಲಿ ನೀಡಿದ ಭಾಷಣದ ಲಿಖಿತ ರೂಪ)



ವೈದ್ಯರನ್ನು ಉಪನ್ಯಾಸಕ್ಕೆ ಕರೆದಾಗ ರಕ್ತದೊತ್ತಡವನ್ನೋ ಸಕ್ಕರೆ ಕಾಯಿಲೆಯನ್ನೋ ಕುರಿತು ಎರಡು ಹಿತವಚನ ಕೇಳಬೇಕಾದೀತೆಂದು ಸಭಿಕರು ಅಂದುಕೊಳ್ಳುವುದು ಸಹಜ. ಅಡುಗೆಮನೆಯಿಂದ ಬಿಸಿಬೇಳೆ ಭಾತಿನ ಪರಿಮಳ ಬರುತ್ತಿರುವಾಗ ಅಂಥ ಉಪದೇಶ ಮಾಡುವುದು ಕ್ರೌರ್ಯವಾದೀತು. ಆದ್ದರಿಂದ ಇಂದು ನಮ್ಮ ವೃತ್ತಿಗೆ ದೂರವೆಂದು ತೋರುವ, ಆದರೆ ನಮ್ಮ ಮನೆಗೆ ಬಹಳ ಹತ್ತಿರವಾದ ವಿಷಯವೊಂದನ್ನು ಆಯ್ದುಕೊಂಡಿದ್ದೇವೆ. ಅದು ಕಲನಶಾಸ್ತ್ರ, ಅಂದರೆ ಕ್ಯಾಲ್ಕುಲಸ್. ಮತ್ತು ಅದರ ಮುಂದಿನ ಮೆಟ್ಟಿಲಾದ ಅವಕಲ ಸಮೀಕರಣಗಳು, ಅಂದರೆ ಡಿಫರೆನ್ಷಿಯಲ್ ಈಕ್ವೇಷನ್‌ಗಳು. ಇವನ್ನು ಕಲಿಯಲು ಯಾವ ಪುಸ್ತಕ ಹಿಡಿಯಬೇಕು, ಲೆಕ್ಕವನ್ನು ಹೇಗೆ ಬಿಡಿಸಬೇಕು ಎಂಬುದೇ ಇಂದಿನ ಪ್ರಸ್ತಾಪ.

ಪ್ರತಿವರ್ಷ ಆಗಸ್ಟ್ ತಿಂಗಳು ಬಂತೆಂದರೆ ನಮ್ಮ ಕೂಟದಲ್ಲಿ ಒಂದು ಪ್ರಶ್ನೆ ತಪ್ಪದೆ ಕೇಳಿಬರುತ್ತದೆ: "ಮಗ ಎಂಜಿನಿಯರಿಂಗ್ ಸೇರ್ತಿದ್ದಾನೆ, ಮ್ಯಾಥ್ಸಿಗೆ ಯಾವ ಪುಸ್ತಕ ಕೊಡಿಸೋಣ, ಡಾಕ್ಟ್ರೇ?" ಮಕ್ಕಳು ಮನೆ ಬಿಟ್ಟು ಹೋಗುವಾಗ ಹಿಂದೆ ನಮ್ಮ ತಾಯಂದಿರು ಉಪ್ಪಿನಕಾಯಿ ಭರಣಿ ಕಟ್ಟಿಕೊಡುತ್ತಿದ್ದರು, ನಾವು ಪುಸ್ತಕ ಕಟ್ಟಿಕೊಡುತ್ತೇವೆ. ಎರಡರ ಹಿಂದೆಯೂ ಇರುವುದು ಒಂದೇ ಮಮತೆ. ಆದರೆ ಉಪ್ಪಿನಕಾಯಿ ಖರ್ಚಾಗುತ್ತಿತ್ತು. ಪುಸ್ತಕ ಖರ್ಚಾಗುತ್ತದೆಯೇ?

ಈ ಪ್ರಶ್ನೆಗೆ ಉತ್ತರ ಹೇಳುವ ಮೊದಲು ನಮ್ಮದೇ ಒಂದು ತಪ್ಪೊಪ್ಪಿಗೆಯನ್ನು ಸಲ್ಲಿಸಬೇಕು. 1988ರಲ್ಲಿ ದಾವಣಗೆರೆಯಲ್ಲಿ ಎರಡನೆಯ ಪಿಯುಸಿ ಓದುತ್ತಿದ್ದಾಗ ನಾವು ಬೆಂಗಳೂರಿಗೆ ಹೋಗಿ ಪಿಸ್ಕುನೋವ್ ಅವರ 'ಡಿಫರೆನ್ಷಿಯಲ್ ಅಂಡ್ ಇಂಟೆಗ್ರಲ್ ಕ್ಯಾಲ್ಕುಲಸ್' ಎಂಬ ದಪ್ಪ ಪುಸ್ತಕವನ್ನು ಕೊಂಡುತಂದೆವು. ಮಾಸ್ಕೋದ ಮೀರ್ ಪ್ರಕಾಶನದ ಪುಸ್ತಕಗಳು ಆಗ ನವಕರ್ನಾಟಕದ ಮಳಿಗೆಯಲ್ಲಿ ಬಹಳ ಅಗ್ಗದ ಬೆಲೆಗೆ ಸಿಗುತ್ತಿದ್ದವು. ಒಳ್ಳೆಯ ಕಾಗದ, ಗಟ್ಟಿ ರಟ್ಟು. ಅದನ್ನು ಕಂಕುಳಲ್ಲಿಟ್ಟುಕೊಂಡು ಕಾಲೇಜಿಗೆ ಹೋದರೆ ಸಹಪಾಠಿಗಳ ಕಣ್ಣಿನಲ್ಲಿ ನಮ್ಮ ಗೌರವ ಒಂದು ಮೊಳ ಏರುತ್ತಿತ್ತು. ಮುಂದೆ ಎಂಬಿಬಿಎಸ್ ಸೀಟು ಸಿಕ್ಕಿತು, ಗಣಿತಕ್ಕೆ ಕೈಮುಗಿದೆವು. ಪುಸ್ತಕ ಮಾತ್ರ ಟ್ರಂಕಿನಲ್ಲಿ ಕುಳಿತು ನಮ್ಮೊಡನೆ ಅಮೆರಿಕಾಕ್ಕೂ ಬಂತು. ಮೂವತ್ತು ವರ್ಷಗಳ ನಂತರ ಅದನ್ನು ತೆರೆದು ನೋಡಿದಾಗ ಮೊದಲ ಎರಡು ಅಧ್ಯಾಯಗಳ ಅಂಚು ಕಂದಾಗಿತ್ತು. ಉಳಿದ ಪುಟಗಳು ಅಚ್ಚಿನ ಮನೆಯಿಂದ ಹೊರಬಂದಂತೆಯೇ ಇದ್ದವು. ಆ ಪುಸ್ತಕವನ್ನು ನಾವು ಹೊತ್ತಿದ್ದೆವು, ಓದಿರಲಿಲ್ಲ.

ಅದನ್ನು ತೆರೆದು ನೋಡುವ ಸಂದರ್ಭ ಬಂದದ್ದು ಹೀಗೆ. ನಮ್ಮ ಮಗಳು ಹೈಸ್ಕೂಲಿನಲ್ಲಿ ಎಪಿ ಕ್ಯಾಲ್ಕುಲಸ್ ಪರೀಕ್ಷೆಯಲ್ಲಿ ಪೂರ್ಣ ಐದು ಅಂಕ ಪಡೆದವಳು. ಎಂಜಿನಿಯರಿಂಗ್ ಸೇರಿದಳು. ನಾವು ಹೆಮ್ಮೆಯಿಂದ ಆರು ಪುಸ್ತಕಗಳನ್ನು ಕೊಡಿಸಿದೆವು: ಥಾಮಸ್, ಸ್ಟೂವರ್ಟ್, ಅಪೋಸ್ಟಲ್, ಸ್ಪಿವಾಕ್, ಕ್ರೇಸಿಗ್, ಜೊತೆಗೆ ಊರಿನಿಂದ ಬಂದ ಬಂಧುಗಳ ಕೈಯಲ್ಲಿ ತರಿಸಿದ ಗ್ರೇವಾಲ್. 2018ರ ಶರತ್ಕಾಲದಲ್ಲಿ ಅವಳು ಅವಕಲ ಸಮೀಕರಣಗಳ ತರಗತಿಗೆ ಸೇರಿದಳು. ಪ್ರತಿ ಭಾನುವಾರ ಫೋನಿನಲ್ಲಿ "ಮ್ಯಾಥ್ಸ್ ಹೇಗಿದೆ?" ಎಂದರೆ "ಚೆನ್ನಾಗಿದೆ ಅಪ್ಪ" ಎನ್ನುತ್ತಿದ್ದಳು. ಥ್ಯಾಂಕ್ಸ್‌ಗಿವಿಂಗ್ ರಜೆಗೆ ಮನೆಗೆ ಬಂದ ಎರಡನೆಯ ರಾತ್ರಿ, ಪಾತ್ರೆ ತೊಳೆಯುತ್ತ, ನಮ್ಮ ಮುಖ ನೋಡದೆ ಹೇಳಿದಳು: ಆ ತರಗತಿಯನ್ನು ಮೂರು ವಾರದ ಹಿಂದೆಯೇ ಬಿಟ್ಟುಬಿಟ್ಟಿದ್ದಳು. ಅಕ್ಟೋಬರಿನ ಪರೀಕ್ಷೆಯಲ್ಲಿ ನೂರಕ್ಕೆ 31 ಬಂದಿತ್ತು.

ನಮಗೆ ಮೊದಲು ಬಂದದ್ದು ಸಿಟ್ಟು. ಅದನ್ನು ನುಂಗಿಕೊಂಡು ಉತ್ತರಪತ್ರಿಕೆ ತರಹೇಳಿದೆವು. ಅವಳು ಅದನ್ನು ಮೇಜಿನ ಮೇಲಿಟ್ಟು ಹೇಳಿದ ಮಾತನ್ನು ಇಲ್ಲಿ ಯಥಾವತ್ತಾಗಿ ಒಪ್ಪಿಸುತ್ತೇವೆ, ಏಕೆಂದರೆ ಇಂದಿನ ಉಪನ್ಯಾಸವೆಲ್ಲ ಆ ಒಂದು ಮಾತಿನ ವ್ಯಾಖ್ಯಾನ: "ಅಪ್ಪ, ಪುಸ್ತಕ ತೆಗೆದರೆ ಎಲ್ಲಾ ಅರ್ಥ ಆಗುತ್ತೆ. ಮುಚ್ಚಿದರೆ ಏನೂ ಬರಲ್ಲ."

ಉತ್ತರಪತ್ರಿಕೆಯ ಒಂದು ಪ್ರಶ್ನೆ ಇಂತಿತ್ತು. ನೂರು ಲೀಟರಿನ ತೊಟ್ಟಿಯಲ್ಲಿ ಶುದ್ಧ ನೀರಿದೆ. ಲೀಟರಿಗೆ 20 ಗ್ರಾಂ ಉಪ್ಪಿರುವ ನೀರು ನಿಮಿಷಕ್ಕೆ 5 ಲೀಟರಿನಂತೆ ಒಳಕ್ಕೆ ಹರಿಯುತ್ತದೆ. ಚೆನ್ನಾಗಿ ಬೆರೆತ ನೀರು ಅದೇ ವೇಗದಲ್ಲಿ ಹೊರಕ್ಕೆ ಹೋಗುತ್ತದೆ. ಒಂದು ಗಂಟೆಯ ನಂತರ ತೊಟ್ಟಿಯಲ್ಲಿ ಎಷ್ಟು ಉಪ್ಪಿರುತ್ತದೆ? ನಮ್ಮ ಮಗಳು ಸಮೀಕರಣವನ್ನು ಸರಿಯಾಗಿಯೇ ಬರೆದಿದ್ದಳು. ಉಪ್ಪು ಬದಲಾಗುವ ದರವೆಂದರೆ ಒಳಬರುವ ಉಪ್ಪಿನಿಂದ ಹೊರಹೋಗುವ ಉಪ್ಪನ್ನು ಕಳೆದದ್ದು. ನಿಮಿಷಕ್ಕೆ 100 ಗ್ರಾಂ ಒಳಕ್ಕೆ, ಇರುವ ಉಪ್ಪಿನ ನೂರರಲ್ಲಿ ಐದು ಭಾಗ ಹೊರಕ್ಕೆ. ಬಿಡಿಸುವಾಗ ಎಲ್ಲೋ ಒಂದು ಮೈನಸ್ ಚಿಹ್ನೆ ಜಾರಿಹೋಗಿತ್ತು. ಕೊನೆಗೆ ಬಂದ ಉತ್ತರ ಸುಮಾರು 38 ಕಿಲೋಗ್ರಾಂ. ಅದರ ಕೆಳಗೆ ಎರಡು ಗೆರೆ ಎಳೆದು ಮುಂದಿನ ಪ್ರಶ್ನೆಗೆ ಹೋಗಿದ್ದಳು.

ಸಭಿಕರೇ, ಸ್ವಲ್ಪ ಯೋಚಿಸಿ. ನಿಮಿಷಕ್ಕೆ 100 ಗ್ರಾಂ ಎಂದರೆ ಒಂದು ಗಂಟೆಯಲ್ಲಿ ತೊಟ್ಟಿಯೊಳಕ್ಕೆ ಬಂದ ಉಪ್ಪೇ ಒಟ್ಟು 6 ಕಿಲೋ. ಅದರಲ್ಲಿ ಒಂದಷ್ಟು ಹೊರಕ್ಕೂ ಹೋಗಿದೆ. ಹಾಗಿರುವಾಗ 38 ಕಿಲೋ ಉಪ್ಪು ಎಲ್ಲಿಂದ ಬಂತು? ಸರಿಯಾದ ಉತ್ತರ ಸುಮಾರು 1,900 ಗ್ರಾಂ, ಅಂದರೆ ಎರಡು ಕಿಲೋಗೂ ತುಸು ಕಡಿಮೆ. ಚಿಹ್ನೆ ತಪ್ಪುವುದು ದೊಡ್ಡ ಅಪರಾಧವಲ್ಲ. ಅದು ಎಲ್ಲರಿಗೂ ಆಗುವಂಥದ್ದು. ಬಂದ ಉತ್ತರವನ್ನು ತಿರುಗಿ ನೋಡಿ ಪ್ರಶ್ನಿಸುವ ಅಭ್ಯಾಸ ಇಲ್ಲದಿದ್ದುದೇ ನಿಜವಾದ ರೋಗ. ರೋಗಿಯ ಮುಖ ನೋಡದೆ ಲ್ಯಾಬಿನ ವರದಿಯನ್ನಷ್ಟೇ ನಂಬುವ ವೈದ್ಯನೂ ಇದೇ ತಪ್ಪನ್ನು ಮಾಡುತ್ತಾನೆ.

ಅವಳು ಸೋಮಾರಿಯಾಗಿರಲಿಲ್ಲ. ದಿನಕ್ಕೆ ಮೂರು ಗಂಟೆ ಓದುತ್ತಿದ್ದಳು. ಆದರೆ ಹೇಗೆ? ಪ್ರಶ್ನೆಯನ್ನು ಓದುವುದು, ಕೂಡಲೇ ಬಿಡಿಸಿಟ್ಟ ಉತ್ತರಗಳ ಕೈಪಿಡಿಯನ್ನು ತೆರೆಯುವುದು, ಸಾಲುಸಾಲಾಗಿ ಓದಿ "ಸರಿ, ಗೊತ್ತಾಯಿತು" ಎಂದು ತಲೆದೂಗುವುದು, ಮುಂದಿನದಕ್ಕೆ ಹೋಗುವುದು. ನಮ್ಮ ವೃತ್ತಿಯ ಒಂದು ಉದಾಹರಣೆ ಕೊಡಬಹುದಾದರೆ, ಬೆನ್ನುಹುರಿಯ ನೀರು ತೆಗೆಯುವ ವಿಧಾನವನ್ನು ಪುಸ್ತಕದಲ್ಲಿ ನಾವು ಹತ್ತು ಸಲ ಓದಿದ್ದೆವು. ಹಿರಿಯರು ಮಾಡುವುದನ್ನು ಹತ್ತು ಸಲ ಕಂಡಿದ್ದೆವು. ಮೊದಲ ಬಾರಿಗೆ ಸೂಜಿ ನಮ್ಮ ಕೈಗೆ ಬಂದಾಗ ಮಾತ್ರ, ನಮಗೆ ಗೊತ್ತಿರುವುದು ಎಷ್ಟೆಂಬುದು ಗೊತ್ತಾಯಿತು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಈಗ ಪುಸ್ತಕದ ಮಾತಿಗೆ ಬರೋಣ. ಕಲನಶಾಸ್ತ್ರದ ಪಠ್ಯಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ದೊಡ್ಡ ಛತ್ರದಂಥ ಪುಸ್ತಕ. ಎಲ್ಲರಿಗೂ ಅಲ್ಲಿ ಜಾಗ ಉಂಟು. ಎಂಐಟಿಯ ಜಾರ್ಜ್ ಥಾಮಸ್ ಅವರ 1951ರ ಪುಸ್ತಕ, ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿದ್ದ ಜೇಮ್ಸ್ ಸ್ಟೂವರ್ಟ್ ಅವರ 1987ರ ಪುಸ್ತಕ ಈ ಬಗೆಯವು. ಸ್ಟೂವರ್ಟ್ ಅವರು ನುರಿತ ಪಿಟೀಲು ವಾದಕರೂ ಹೌದು. ಪುಸ್ತಕದಿಂದ ಬಂದ ಗೌರವಧನದಲ್ಲಿ ಟೊರಾಂಟೊದಲ್ಲಿ 'ಇಂಟೆಗ್ರಲ್ ಹೌಸ್' ಎಂಬ ಭವನವನ್ನೇ ಕಟ್ಟಿಸಿದರು. 2014ರಲ್ಲಿ ತೀರಿಕೊಂಡರು. ಇಂಥ ಪುಸ್ತಕಗಳಲ್ಲಿ ಚಿತ್ರಗಳು ಹೇರಳ, ಅಭ್ಯಾಸದ ಲೆಕ್ಕಗಳು ಸಾವಿರಗಟ್ಟಲೆ. ಎಂಜಿನಿಯರಿಂಗ್, ಜೀವಶಾಸ್ತ್ರ, ಅರ್ಥಶಾಸ್ತ್ರಗಳಿಗೆ ಹೋಗುವವರಿಗೆ ಇವು ಸಾಕು.

ಎರಡನೆಯದು 'ಹೇಗೆ' ಎಂಬುದಕ್ಕಿಂತ 'ಏಕೆ' ಎಂಬುದಕ್ಕೆ ಹೆಚ್ಚು ಬೆಲೆ ಕೊಡುವ ಪುಸ್ತಕ. ಇಂಗ್ಲೆಂಡಿನ ಹಾರ್ಡಿ ಅವರು 1908ರಲ್ಲಿ ಬರೆದದ್ದು, ಟಾಮ್ ಅಪೋಸ್ಟಲ್ ಅವರು 1961ರಲ್ಲಿ ಪ್ರಕಟಿಸಿದ್ದು, ಮೈಕೆಲ್ ಸ್ಪಿವಾಕ್ ಅವರು 1967ರಲ್ಲಿ ತಂದದ್ದು ಈ ಸಾಲಿಗೆ ಸೇರುತ್ತವೆ. ಅಪೋಸ್ಟಲ್ ಅವರು ಅವಕಲನಕ್ಕಿಂತ ಮೊದಲೇ ಅನುಕಲನವನ್ನು ಕಲಿಸುತ್ತಾರೆ. ಇತಿಹಾಸದಲ್ಲಿ ವಿಚಾರಗಳು ಹುಟ್ಟಿದ ಕ್ರಮವೂ ಅದೇ. ಗಣಿತವನ್ನೇ ಬದುಕಾಗಿಸಿಕೊಳ್ಳುವವರಿಗೆ ಇವು ಅಮೃತ. ಆದರೆ ಮೊದಲ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಯ ಕೈಗೆ ಬೇರೆ ಸಿದ್ಧತೆಯಿಲ್ಲದೆ ಸ್ಪಿವಾಕ್ ಕೊಟ್ಟರೆ, ಜ್ವರದಿಂದ ಎದ್ದವನಿಗೆ ಹೋಳಿಗೆ ಬಡಿಸಿದಂತಾಗುತ್ತದೆ. ನಾವು ಮಾಡಿದ್ದು ಅದನ್ನೇ.

ಮೂರನೆಯದು ಕೈಹಿಡಿದು ನಡೆಸುವ ಸಣ್ಣ ಪುಸ್ತಕ. ಸಿಲ್ವೇನಸ್ ಥಾಮ್ಸನ್ ಅವರ 1910ರ 'ಕ್ಯಾಲ್ಕುಲಸ್ ಮೇಡ್ ಈಸಿ' ಇದಕ್ಕೆ ಹಿರಿಯ ಉದಾಹರಣೆ. ಮಾರ್ಟಿನ್ ಗಾರ್ಡ್‌ನರ್ ಅದನ್ನು ಪರಿಷ್ಕರಿಸಿ 1998ರಲ್ಲಿ ಹೊರತಂದರು. ಗಣಿತ ಬಿಟ್ಟು ಮೂವತ್ತು ವರ್ಷವಾದ ನಮ್ಮಂಥವರು ಮತ್ತೆ ಒಳಗೆ ಕಾಲಿಡಲು ಇದಕ್ಕಿಂತ ಸೌಮ್ಯವಾದ ಬಾಗಿಲಿಲ್ಲ.

ಅವಕಲ ಸಮೀಕರಣಗಳಲ್ಲಿಯೂ ಹೀಗೆಯೇ. ಬಾಯ್ಸ್ ಮತ್ತು ಡಿಪ್ರೈಮಾ ಅವರ 1965ರ ಪುಸ್ತಕ ಇಂದಿಗೂ ಹಲವು ವಿಶ್ವವಿದ್ಯಾಲಯಗಳ ಪಠ್ಯ. ಜಾರ್ಜ್ ಸಿಮನ್ಸ್ ಅವರ 1972ರ ಪುಸ್ತಕದಲ್ಲಿ ಗಣಿತದೊಂದಿಗೆ ಗಣಿತಜ್ಞರ ಕಥೆಯೂ ಇದೆ. ಟೆನೆನ್‌ಬಾಮ್ ಮತ್ತು ಪೊಲಾರ್ಡ್ ಅವರ 1963ರ ಪುಸ್ತಕ ಡೋವರ್ ಮರುಮುದ್ರಣದಲ್ಲಿ ಅಗ್ಗದ ಬೆಲೆಗೆ ದೊರೆಯುತ್ತದೆ. ಒಂಟಿಯಾಗಿ ಕುಳಿತು ಕಲಿಯುವವರಿಗೆ ಅದು ತಾಳ್ಮೆಯ ಗುರು.

ಇಷ್ಟರಲ್ಲಿ ಯಾವುದನ್ನು ಆರಿಸಬೇಕು? ಔಷಧಕ್ಕೆ ಮೊದಲು ಪರೀಕ್ಷೆ ಎಂಬ ನಮ್ಮ ವೃತ್ತಿಧರ್ಮ ಇಲ್ಲಿಯೂ ಸಲ್ಲುತ್ತದೆ. ಪುಸ್ತಕದಂಗಡಿಯಲ್ಲೋ ಗ್ರಂಥಾಲಯದಲ್ಲೋ ಪುಸ್ತಕವನ್ನು ಕೈಗೆತ್ತಿಕೊಂಡು ಮೂರು ಪರೀಕ್ಷೆ ಮಾಡಿ. ಮೊದಲು, ನಿಮಗೆ ಈಗಾಗಲೇ ತಿಳಿದಿರುವ ಒಂದು ವಿಷಯವನ್ನು, ಉದಾಹರಣೆಗೆ ಸರಪಳಿ ನಿಯಮವನ್ನು, ಆ ಲೇಖಕರು ಹೇಗೆ ವಿವರಿಸುತ್ತಾರೆಂದು ಓದಿ. ತಿಳಿದ ವಿಷಯವೇ ಮಸುಕಾದರೆ ತಿಳಿಯದ ವಿಷಯ ಕತ್ತಲಾಗುವುದು ಖಂಡಿತ. ಎರಡನೆಯದಾಗಿ, ಅಭ್ಯಾಸದ ಲೆಕ್ಕಗಳನ್ನು ನೋಡಿ. ಮೊದಲ ಮೂರನೆಯ ಒಂದು ಭಾಗ ಸ್ವಲ್ಪ ಬೆವರು ಸುರಿಸಿದರೆ ಬರುವಂತಿರಬೇಕು. ಕೊನೆಯ ಭಾಗ ಸೋಲಿಸುವಂತಿರಬೇಕು. ಎಲ್ಲವೂ ಬಂದರೆ ಆ ಪುಸ್ತಕ ನಿಮಗೆ ಬೇಡ, ಒಂದೂ ಬಾರದಿದ್ದರೆ ಸದ್ಯಕ್ಕೆ ಬೇಡ. ಮೂರನೆಯದಾಗಿ, ಉತ್ತರಗಳಿವೆಯೇ ನೋಡಿ. ಗುರುವಿಲ್ಲದೆ ಕಲಿಯುವವನಿಗೆ ಉತ್ತರವಿಲ್ಲದ ಪುಸ್ತಕ ದಿಕ್ಸೂಚಿಯಿಲ್ಲದ ದೋಣಿ. ನಮ್ಮ ಪಿಸ್ಕುನೋವ್‌ನಲ್ಲಿ ಲೆಕ್ಕದ ಪಕ್ಕದಲ್ಲೇ ಉತ್ತರವಿರುತ್ತದೆ; ಅದನ್ನು ಒಂದು ರಟ್ಟಿನ ಚೂರಿನಿಂದ ಮುಚ್ಚಿಕೊಂಡು ಕೂರಬೇಕು.

ಹಣದ ವಿಷಯದಲ್ಲಿ ಒಂದು ಮಾತು. ಹೊಸ ಆವೃತ್ತಿಯೇ ಬೇಕೆಂಬ ಹಟ ಬೇಡ. ಮೊದಲ ವರ್ಷದ ಕಲನಶಾಸ್ತ್ರದ ತಿರುಳು ಹಳೆಯ ಆವೃತ್ತಿಗೂ ಹೊಸದಕ್ಕೂ ಒಂದೇ; ಬಹುಮಟ್ಟಿಗೆ ಬದಲಾಗುವುದು ಲೆಕ್ಕಗಳ ಸಂಖ್ಯೆ ಮತ್ತು ಕ್ರಮ. ಅಧ್ಯಾಪಕರು ಮನೆಗೆಲಸವನ್ನು ಸಂಖ್ಯೆಯ ಮೂಲಕ ಕೊಡುವುದಾದರೆ ಸ್ನೇಹಿತರ ಪುಸ್ತಕ ನೋಡಿ ಹೊಂದಿಸಿಕೊಂಡರಾಯಿತು. ಓಪನ್‌ಸ್ಟಾಕ್ಸ್ ಸಂಸ್ಥೆಯ ಕಲನಶಾಸ್ತ್ರ ಪಠ್ಯ ಉಚಿತವಾಗಿಯೇ ಸಿಗುತ್ತದೆ. ಎಂಐಟಿಯ ಗಿಲ್ಬರ್ಟ್ ಸ್ಟ್ರಾಂಗ್ ಅವರ 1991ರ ಪುಸ್ತಕವನ್ನು ಆ ಸಂಸ್ಥೆಯ ಓಪನ್ ಕೋರ್ಸ್‌ವೇರ್ ಉಚಿತವಾಗಿ ಒದಗಿಸಿದೆ. ಅವಕಲ ಸಮೀಕರಣಗಳನ್ನು ಕುರಿತ ಆರ್ಥರ್ ಮ್ಯಾಟಕ್ ಅವರ ಉಪನ್ಯಾಸಗಳೂ ಅಲ್ಲಿವೆ. ಆದ್ದರಿಂದ ಪುಸ್ತಕದ ಕೊರತೆ ಇಂದು ಯಾರಿಗೂ ಇಲ್ಲ. ಕೊರತೆ ಬೇರೆಡೆ ಇದೆ.

ಗಣಿತದ ಪುಸ್ತಕವೆಂದರೆ ಮೂಲತಃ ಲೆಕ್ಕಗಳ ಪುಸ್ತಕ. ಇದು ನಮ್ಮ ನಾಡಿಗೆ ಹೊಸದಲ್ಲ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ 'ಗಣಿತಸಾರಸಂಗ್ರಹ'ದಲ್ಲಿ ಸೂತ್ರದ ಬೆನ್ನಿಗೇ ಲೆಕ್ಕಗಳು ಬರುತ್ತವೆ. 12ನೆಯ ಶತಮಾನದ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿಯೇ ಬರೆದನು. ಸೂತ್ರವನ್ನು ಕೇಳಿ ತಲೆದೂಗುವುದು ಕಲಿಕೆಯಲ್ಲ, ಲೆಕ್ಕ ಮಾಡುವುದೇ ಕಲಿಕೆ ಎಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು.

ಹಾಗಾದರೆ ಲೆಕ್ಕ ಬಿಡಿಸುವ ಕ್ರಮ ಯಾವುದು? ಹಂಗೆರಿಯಲ್ಲಿ ಹುಟ್ಟಿ ಸ್ಟ್ಯಾನ್‌ಫರ್ಡಿನಲ್ಲಿ ಅಧ್ಯಾಪಕರಾಗಿದ್ದ ಜಾರ್ಜ್ ಪೋಲ್ಯಾ ಅವರು 1945ರಲ್ಲಿ 'ಹೌ ಟು ಸಾಲ್ವ್ ಇಟ್' ಎಂಬ ಪುಸ್ತಕದಲ್ಲಿ ನಾಲ್ಕು ಹೆಜ್ಜೆಗಳನ್ನು ಹೇಳಿದ್ದಾರೆ: ಪ್ರಶ್ನೆಯನ್ನು ಅರ್ಥಮಾಡಿಕೊಳ್ಳುವುದು, ಯೋಜನೆ ಹಾಕುವುದು, ಯೋಜನೆಯಂತೆ ನಡೆಯುವುದು, ಕೊನೆಗೆ ಹಿಂತಿರುಗಿ ನೋಡುವುದು. ವೈದ್ಯರಿಗೆ ಇದು ಪರಿಚಿತ ದಾರಿಯೇ: ರೋಗಿಯ ಮಾತು ಕೇಳುವುದು, ನಿದಾನ, ಚಿಕಿತ್ಸೆ, ಮರುಭೇಟಿ. ಮರುಭೇಟಿಯಿಲ್ಲದ ಚಿಕಿತ್ಸೆ ಎಷ್ಟು ಅಪಾಯವೋ ಹಿಂತಿರುಗಿ ನೋಡದ ಲೆಕ್ಕವೂ ಅಷ್ಟೇ ಅಪಾಯ.

ಆ ಚಳಿಗಾಲದ ನಾಲ್ಕು ವಾರ ರಜೆಯಲ್ಲಿ ನಮ್ಮ ಮನೆಯಲ್ಲಿ ಒಂದು ವ್ಯವಸ್ಥೆ ಮಾಡಿಕೊಂಡೆವು. ಆರು ಪುಸ್ತಕಗಳಲ್ಲಿ ಐದು ಅಟ್ಟ ಸೇರಿದವು. ಉಳಿದದ್ದು ಕ್ರೇಸಿಗ್, ಅದನ್ನೂ ಬೇಕಾದಾಗ ತಿರುವಿ ನೋಡಲೆಂದು ಬದಿಗಿಟ್ಟು, ತರಗತಿಯ ಪಠ್ಯವಾದ ಬಾಯ್ಸ್-ಡಿಪ್ರೈಮಾ ಒಂದನ್ನೇ ಮೇಜಿನ ಮೇಲೆ ಇಟ್ಟೆವು. ರಾತ್ರಿ ಊಟವಾದ ಮೇಲೆ ಒಂದೂವರೆ ಗಂಟೆ. ಮಗಳು ಒಂದು ಕಡೆ, ನಾವು ಎದುರಿಗೆ, ಇಬ್ಬರ ಮುಂದೆಯೂ ಅದೇ ಲೆಕ್ಕ. ನಾವು ಅವಳಿಗೆ ಕಲಿಸುತ್ತಿರಲಿಲ್ಲ. ಕಲಿಸುವ ಯೋಗ್ಯತೆಯೂ ನಮಗಿರಲಿಲ್ಲ. ನಿಯಮಗಳು ಕೆಲವೇ. ಪುಸ್ತಕದಲ್ಲಿ ಬಿಡಿಸಿದ ಉದಾಹರಣೆಯನ್ನು ಓದಿದ ಮೇಲೆ ಪುಸ್ತಕ ಮುಚ್ಚಿ ಅದನ್ನೇ ಮತ್ತೆ ಬಿಡಿಸಬೇಕು. ಹೊಸ ಲೆಕ್ಕಕ್ಕೆ ಇಪ್ಪತ್ತು ನಿಮಿಷ ಕಳೆಯುವವರೆಗೆ ಉತ್ತರ ನೋಡಕೂಡದು. ಸೋತರೆ ಉತ್ತರದ ಮೊದಲ ಸಾಲು ಮಾತ್ರ ನೋಡಿ ಮತ್ತೆ ಯತ್ನಿಸಬೇಕು. ಮಾಡಿದ ತಪ್ಪನ್ನು ಬೇರೊಂದು ನೋಟ್‌ಬುಕ್ಕಿನಲ್ಲಿ ದಿನಾಂಕದೊಂದಿಗೆ ಬರೆಯಬೇಕು. ಮೂರು ದಿನದ ನಂತರ ಅದೇ ಲೆಕ್ಕವನ್ನು ಏನೂ ನೋಡದೆ ಮತ್ತೆ ಮಾಡಬೇಕು.

ಆ ತಪ್ಪಿನ ಪುಸ್ತಕ ನಮಗೆ ಬಹಳ ಕಲಿಸಿತು. ಅವಳ ತಪ್ಪುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅವಕಲ ಸಮೀಕರಣದವೇ ಆಗಿರಲಿಲ್ಲ. ಹೈಸ್ಕೂಲಿನ ಬೀಜಗಣಿತ ಮತ್ತು ಅನುಕಲನದವು. ಭಾಗಶಃ ಅನುಕಲನವನ್ನೇ ನೋಡಿ. ಎಕ್ಸ್ ಅನ್ನು ಸೈನ್ ಎಕ್ಸ್‌ನಿಂದ ಗುಣಿಸಿ ಅನುಕಲಿಸಿದರೆ ಬರುವುದು ಮೈನಸ್ ಎಕ್ಸ್ ಕಾಸ್ ಎಕ್ಸ್, ಪ್ಲಸ್ ಸೈನ್ ಎಕ್ಸ್. ಆ ಮೊದಲ ಮೈನಸ್ ಮರೆತರೆ ಏನಾಯಿತು? ಉತ್ತರವನ್ನು ಅವಕಲಿಸಿ ನೋಡಿದರೆ ಹೊರಟಲ್ಲಿಗೆ ಮರಳಿ ಬರುವುದಿಲ್ಲ. ತಪ್ಪು ಅರ್ಧ ನಿಮಿಷದಲ್ಲಿ ಸಿಕ್ಕಿಬೀಳುತ್ತದೆ. ಅವಕಲ ಸಮೀಕರಣದಲ್ಲಿಯೂ ಬಂದ ಉತ್ತರವನ್ನು ಮೂಲ ಸಮೀಕರಣದೊಳಕ್ಕೆ ಹಾಕಿ ನೋಡಬಹುದು. ವಿದ್ಯಾರ್ಥಿ ತನ್ನ ಉತ್ತರಪತ್ರಿಕೆಯನ್ನು ತಾನೇ ತಿದ್ದಿಕೊಳ್ಳಬಹುದಾದ ವಿಷಯಗಳು ಲೋಕದಲ್ಲಿ ಕಡಿಮೆ. ಇದು ಅಂಥದ್ದೊಂದು. ಈ ವರವನ್ನು ಬಳಸದವರೇ ಹೆಚ್ಚು.

ಇನ್ನೊಂದು ಅಭ್ಯಾಸವನ್ನು ಹೇಳಲೇಬೇಕು: ಬಿಡಿಸುವ ಮೊದಲೇ ಉತ್ತರದ ಆಕಾರವನ್ನು ಊಹಿಸುವುದು. ಉಪ್ಪಿನ ತೊಟ್ಟಿಯಲ್ಲಿ ಒಳಬರುವುದೂ ಹೊರಹೋಗುವುದೂ ಸಮವಾಗುವುದು ಯಾವಾಗ? 100 ಗ್ರಾಂ ಎಂಬುದು ನೂರರಲ್ಲಿ ಐದು ಭಾಗವಾಗಬೇಕಾದರೆ ಒಟ್ಟು ಉಪ್ಪು 2,000 ಗ್ರಾಂ ಇರಬೇಕು. ಅದಕ್ಕಿಂತ ಕಡಿಮೆಯಿದ್ದರೆ ಉಪ್ಪು ಏರುತ್ತದೆ, ಹೆಚ್ಚಿದ್ದರೆ ಇಳಿಯುತ್ತದೆ. ಒಂದು ಅನುಕಲನವನ್ನೂ ಮಾಡದೆಯೇ, ಉತ್ತರವು ಸೊನ್ನೆಯಿಂದ ಹೊರಟು ಎರಡು ಕಿಲೋದತ್ತ ಏರುತ್ತಾ, ಅದನ್ನು ಎಂದೂ ದಾಟದೆ ಬಾಗುವ ಗೆರೆ ಎಂದು ಗೊತ್ತಾಯಿತು. ಇಷ್ಟು ತಿಳಿದವರು 38 ಕಿಲೋ ಎಂದು ಬರೆದು ಎರಡು ಗೆರೆ ಎಳೆಯುವುದಿಲ್ಲ.

ಆ ರಾತ್ರಿ ಈ ಲೆಕ್ಕ ಮಾಡುತ್ತಿದ್ದಾಗ ನಮಗೊಂದು ಆಶ್ಚರ್ಯ ಕಾದಿತ್ತು. ಉಪ್ಪಿನ ತೊಟ್ಟಿಯ ಜಾಗದಲ್ಲಿ ರೋಗಿಯ ದೇಹವನ್ನಿಡಿ. ಒಳಬರುವ ಉಪ್ಪುನೀರಿನ ಜಾಗದಲ್ಲಿ ಔಷಧದ ಡ್ರಿಪ್ ಇಡಿ. ಹೊರಹರಿವಿನ ಜಾಗದಲ್ಲಿ ಮೂತ್ರಪಿಂಡ, ಯಕೃತ್ತುಗಳನ್ನಿಡಿ. ಸಮೀಕರಣ ಅದೇ. ಒಂದು ಅರ್ಧಾಯುವಿನಲ್ಲಿ ಔಷಧವು ತನ್ನ ಅಂತಿಮ ಮಟ್ಟದ ಶೇಕಡಾ 50ಕ್ಕೆ ಬರುತ್ತದೆ, ಎರಡರಲ್ಲಿ 75ಕ್ಕೆ, ಮೂರರಲ್ಲಿ 87.5ಕ್ಕೆ, ಐದರಲ್ಲಿ ಸುಮಾರು 97ಕ್ಕೆ. ಥೈರಾಕ್ಸಿನ್ ಮಾತ್ರೆಯ ಅರ್ಧಾಯು ಸುಮಾರು ಒಂದು ವಾರ. ಐದು ಅರ್ಧಾಯುವೆಂದರೆ ಐದು ವಾರ. ಪಿಟ್ಯುಟರಿ ಗ್ರಂಥಿ ಹೊಂದಿಕೊಳ್ಳಲು ಇನ್ನಷ್ಟು ದಿನ. "ಮಾತ್ರೆಯ ಪ್ರಮಾಣ ಬದಲಿಸಿದ್ದೇವೆ, ಆರು ವಾರ ಬಿಟ್ಟು ರಕ್ತಪರೀಕ್ಷೆಗೆ ಬನ್ನಿ" ಎಂದು ನಾವು ಇಷ್ಟು ವರ್ಷಗಳಲ್ಲಿ ಎಷ್ಟು ಮಂದಿಗೆ ಹೇಳಿದ್ದೇವೋ ಲೆಕ್ಕವಿಲ್ಲ. ನಿಯಮ ಬಾಯಿಪಾಠವಾಗಿತ್ತು. ಅದು ಎಲ್ಲಿಂದ ಬಂತೆಂದು ಕಂಡದ್ದು ಮಗಳ ಎದುರು ಪೆನ್ಸಿಲ್ ಹಿಡಿದು ಕುಳಿತ ಆ ರಾತ್ರಿ.

ಕಂಡದ್ದರ ಹಿಂದೆಯೇ ಒಂದು ಹಳೆಯ ನೋವೂ ಮೇಲೆ ಬಂತು. ಇಲ್ಲಿ ರೆಸಿಡೆನ್ಸಿ ಮಾಡುತ್ತಿದ್ದ ಮೊದಲ ವರ್ಷ. ಅಪಸ್ಮಾರದ ರೋಗಿಯೊಬ್ಬರು ದಿನಕ್ಕೆ 300 ಮಿಲಿಗ್ರಾಂ ಫೆನಿಟಾಯಿನ್ ತೆಗೆದುಕೊಳ್ಳುತ್ತಿದ್ದರು. ರಕ್ತದಲ್ಲಿ ಔಷಧದ ಮಟ್ಟ 6. ಇರಬೇಕಾದದ್ದು 10ರಿಂದ 20. ನಾವು ತ್ರೈರಾಶಿ ಹಾಕಿದೆವು: ಒಂದೂವರೆ ಪಟ್ಟು ಕೊಟ್ಟರೆ ಮಟ್ಟ 9 ಆದೀತು, ಹತ್ತರ ಹತ್ತಿರ. 450 ಎಂದು ಬರೆದೆವು. ಕೆಲವು ವಾರಗಳಲ್ಲಿ ಅವರನ್ನು ಮನೆಯವರು ಹಿಡಿದುಕೊಂಡು ಕರೆತಂದರು. ಕಣ್ಣುಗುಡ್ಡೆ ನಿಲ್ಲದೆ ಅದುರುತ್ತಿತ್ತು, ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ, ಮಾತು ತೊದಲುತ್ತಿತ್ತು. ಮಟ್ಟ ಮೂವತ್ತನ್ನು ದಾಟಿತ್ತು. ಔಷಧ ನಿಲ್ಲಿಸಿದ ಮೇಲೆ ಅವರು ಚೇತರಿಸಿಕೊಂಡರು, ದೈವ ದೊಡ್ಡದು. ಫೆನಿಟಾಯಿನ್ ವಿಷಯದಲ್ಲಿ ಎಚ್ಚರ ಬೇಕೆಂಬುದನ್ನು ನಾವು ಓದಿರಲಿಲ್ಲವೇ? ಓದಿದ್ದೆವು. ಪರೀಕ್ಷೆಯಲ್ಲಿ ಬರೆದೂ ಇದ್ದೆವು. ಲೆಕ್ಕ ಮಾಡಿರಲಿಲ್ಲ.

ಇಪ್ಪತ್ತು ವರ್ಷ ತಡವಾಗಿ ಆ ಲೆಕ್ಕವನ್ನು ಮಾಡಿದೆವು. ಬಹುತೇಕ ಔಷಧಗಳನ್ನು ದೇಹವು ಇರುವ ಪ್ರಮಾಣಕ್ಕೆ ತಕ್ಕಂತೆ ಹೊರಹಾಕುತ್ತದೆ. ಅಲ್ಲಿ ಸಮೀಕರಣ ರೇಖೀಯ, ತ್ರೈರಾಶಿ ಸಲ್ಲುತ್ತದೆ. ಫೆನಿಟಾಯಿನನ್ನು ಹೊರಹಾಕುವ ಯಕೃತ್ತಿನ ಶಕ್ತಿಗೆ ಮಾತ್ರ ಒಂದು ಮೇಲ್ಮಿತಿಯುಂಟು. ಮಟ್ಟ ಏರಿದಂತೆ ಹೊರಹಾಕುವ ವೇಗ ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಉದಾಹರಣೆಗೆ ಆ ಮೇಲ್ಮಿತಿ ದಿನಕ್ಕೆ 500 ಮಿಲಿಗ್ರಾಂ ಎಂದೂ, ಅರ್ಧ ವೇಗ ಬರುವ ಮಟ್ಟ 4 ಎಂದೂ ಇಟ್ಟುಕೊಳ್ಳಿ. ಒಳಬರುವುದೂ ಹೊರಹೋಗುವುದೂ ಸಮವಾದಾಗಿನ ಮಟ್ಟವನ್ನು ತಿಳಿಯಲು, ಮಾತ್ರೆಯ ಪ್ರಮಾಣವನ್ನು ನಾಲ್ಕರಿಂದ ಗುಣಿಸಿ, ಮೇಲ್ಮಿತಿಗೆ ಉಳಿದಿರುವ ಅಂತರದಿಂದ ಭಾಗಿಸಬೇಕು. 300 ಕೊಟ್ಟರೆ 1,200ನ್ನು 200ರಿಂದ ಭಾಗಿಸಿ 6. 400 ಕೊಟ್ಟರೆ 1,600ನ್ನು 100ರಿಂದ ಭಾಗಿಸಿ 16. 450 ಕೊಟ್ಟರೆ 1,800ನ್ನು 50ರಿಂದ ಭಾಗಿಸಿ 36! ಒಂಬತ್ತಲ್ಲ, ಮೂವತ್ತಾರು. ಹೈಸ್ಕೂಲು ಹುಡುಗ ಮಾಡಬಲ್ಲ ಭಾಗಾಕಾರ. ಪೆನ್ಸಿಲ್ ಕೆಳಗಿಟ್ಟು ನಾವು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು. "ಏನಾಯ್ತಪ್ಪ?" ಎಂದು ಮಗಳು ಕೇಳಿದಳು. ಅದುವರೆಗೆ ಮನೆಯಲ್ಲಿ ಯಾರಿಗೂ ಹೇಳದಿದ್ದ ಆ ರೋಗಿಯ ಕಥೆಯನ್ನು ಅವಳಿಗೆ ಹೇಳಿದೆವು.

ಅವಕಲ ಸಮೀಕರಣಗಳ ಪಾಠವೆಂದರೆ ತಂತ್ರಗಳ ಮೂಟೆ ಎಂಬ ದೂರು ಹಳೆಯದು. ಸ್ವತಃ ಆ ವಿಷಯದಲ್ಲಿ ಪಠ್ಯಪುಸ್ತಕ ಬರೆದಿದ್ದ ಎಂಐಟಿಯ ಜಿಯಾನ್-ಕಾರ್ಲೊ ರೋಟಾ ಅವರೇ 1997ರ ಒಂದು ಉಪನ್ಯಾಸದಲ್ಲಿ ಆ ಪಾಠಕ್ರಮವನ್ನು ಕಟುವಾಗಿ ಟೀಕಿಸಿದರು. ಇಂದು ಆ ತಂತ್ರಗಳನ್ನೆಲ್ಲ ಯಂತ್ರವೇ ಮಾಡುತ್ತದೆ. ಸಮೀಕರಣದ ಚಿತ್ರ ತೆಗೆದರೆ ಫೋನು ಸಾಲುಸಾಲಾಗಿ ಬಿಡಿಸಿ ಕೊಡುತ್ತದೆ. ಕೃತಕ ಬುದ್ಧಿಮತ್ತೆಯನ್ನು ಕೇಳಿದರೆ ವಿವರಣೆಯೂ ಬರುತ್ತದೆ. ಅದನ್ನು ಬೇಡವೆನ್ನುವ ಮಡಿವಂತರು ನಾವಲ್ಲ. ಆದರೆ ಅದು ಬಿಡಿಸಿಟ್ಟ ಉತ್ತರಗಳ ಕೈಪಿಡಿಯ ಹೊಸ ಅವತಾರವೆಂಬುದನ್ನು ಮರೆಯಬಾರದು. ಇಪ್ಪತ್ತು ನಿಮಿಷ ಒದ್ದಾಡಿದ ಮೇಲೆ ತೆರೆದರೆ ಅದು ಗುರು. ಮೊದಲೇ ತೆರೆದರೆ ಅಮಲು. ಬಂದ ಉತ್ತರ 38 ಕಿಲೋ ಆಗಿರಲು ಸಾಧ್ಯವೇ ಎಂದು ಕೇಳುವ ಹೊಣೆ ಮನುಷ್ಯನದೇ.

2019ರ ವಸಂತದಲ್ಲಿ ಮಗಳು ಆ ತರಗತಿಯನ್ನು ಮತ್ತೆ ತೆಗೆದುಕೊಂಡಳು. ಬಿ ಬಂತು. ಎ ಅಲ್ಲ, ಬಿ. ಅದನ್ನು ಅವಳು ಅದೇ ದಿನ ಫೋನು ಮಾಡಿ ಹೇಳಿದಳು. ಮೂರು ವಾರ ಮುಚ್ಚಿಡಲಿಲ್ಲ. ನಮಗೆ ಆ ಅಕ್ಷರಕ್ಕಿಂತ ಆ ಫೋನೇ ದೊಡ್ಡದೆನಿಸಿತು. ಏಕೆಂದರೆ, ಹಿಂದಿನ ಶರತ್ಕಾಲದಲ್ಲಿ ಅವಳು ಸುಳ್ಳು ಹೇಳಿದ್ದೇಕೆ ಎಂದು ನಾವು ಒಮ್ಮೆ ಕೇಳಿದಾಗ ಅವಳು ಕೊಟ್ಟ ಉತ್ತರ ಇನ್ನೂ ಕಿವಿಯಲ್ಲಿದೆ: "ನೀವು ಯಾವಾಗಲೂ ಎಷ್ಟು ಬಂತು ಅಂತ ಕೇಳ್ತಿದ್ರಿ. ಏನು ಬರಲಿಲ್ಲ ಅಂತ ಒಂದು ಸಲಾನೂ ಕೇಳಲಿಲ್ಲ."

ಆದ್ದರಿಂದ, ಬಂಧುಗಳೇ, ಯಾವ ಪುಸ್ತಕ ಎಂಬ ಪ್ರಶ್ನೆಗೆ ನಮ್ಮ ಉತ್ತರ ಇಷ್ಟು. ಅಧ್ಯಾಪಕರು ಹೇಳಿದ ಪುಸ್ತಕ ಒಂದು. ಅದು ಒಗ್ಗದಿದ್ದರೆ ಪಕ್ಕದಲ್ಲಿ ಸೌಮ್ಯವಾದ ಇನ್ನೊಂದು. ಮೂರನೆಯದಕ್ಕೆ ಖರ್ಚು ಮಾಡುವ ಹಣದಲ್ಲಿ ಒಂದು ಕಟ್ಟು ಬಿಳಿ ಕಾಗದ, ಒಂದು ಡಜನ್ ಪೆನ್ಸಿಲ್, ಎರಡು ಒಳ್ಳೆಯ ರಬ್ಬರ್ ಕೊಡಿಸಿ. ಭಾನುವಾರದ ಫೋನಿನಲ್ಲಿ ಎಷ್ಟು ಅಂಕ ಬಂತೆಂದು ಕೇಳುವ ಬದಲು, "ಈ ವಾರ ಯಾವ ಲೆಕ್ಕ ಸೋಲಿಸಿತು?" ಎಂದು ಕೇಳಿ. ಸೋತ ಲೆಕ್ಕವನ್ನು ಧೈರ್ಯವಾಗಿ ಹೇಳಿಕೊಳ್ಳಬಲ್ಲ ಮನೆಯಿದ್ದರೆ, ಹಾಡುತ್ತ ಹಾಡುತ್ತ ರಾಗ ಎಂಬಂತೆ ಉಳಿದದ್ದು ತಾನಾಗಿ ಬರುತ್ತದೆ. ಆ ಗಾದೆಯ ಎರಡನೆಯ ಅರ್ಧ ರೋಗದ ಮಾತು. ಊಟಕ್ಕೆ ಮೊದಲು ಅದನ್ನು ಎತ್ತುವುದಿಲ್ಲವೆಂದು ಆರಂಭದಲ್ಲೇ ಮಾತು ಕೊಟ್ಟಿದ್ದೇವೆ.

ನಮ್ಮ ಪಿಸ್ಕುನೋವ್ ಈಗ ನಾಲ್ಕನೆಯ ಅಧ್ಯಾಯಕ್ಕೆ ಬಂದಿದೆ. ಅಂಚು ಕಂದಾಗುತ್ತಿದೆ.